ನನ್ನ ಎಡಗಾಲು, ಅತ್ತೆಯ ಮಡಿ

ನಮ್ಮ ಕಾಮೋಠೆಯ ಸೊಸೈಟಿಯಲ್ಲಿ ಕಾಲೊರಸು ಕದಿಯುವವರು ಯಾರೆಂದು ಕೇಳಿ ನೋಡಿ. ವಾಚ್‌ಮನ್ ತಲೆ ಎತ್ತದೆಯೇ ನಮ್ಮ ಫ್ಲ್ಯಾಟಿನ ನಂಬರು ಹೇಳುತ್ತಾನೆ. ಕಳ್ಳಿ ಬೇರೆ ಯಾರೂ ಅಲ್ಲ, ನನ್ನ ಗಂಡನ ತಾಯಿ. ಉಡುಪಿಯವರು, ಎಪ್ಪತ್ತು ದಾಟಿದವರು, ಎರಡು ಹೊತ್ತೂ ದೇವರಿಗೆ ದೀಪ ಹಚ್ಚುವವರು!

ತಪ್ಪು ಅತ್ತೆಯದಲ್ಲ, ನನ್ನ ಎಡಗಾಲಿನದು. ಸೊಂಟದ ಡಿಸ್ಕ್ ಜಾರಿ ನರ ಒತ್ತಿ, ಪಾದ ಮೇಲೆತ್ತುವ ಶಕ್ತಿಯೇ ಹೋಯಿತು. ಡಾಕ್ಟರು ಇದಕ್ಕೆ ಫುಟ್ ಡ್ರಾಪ್ ಎಂದರು. ಹೆಜ್ಜೆ ಎತ್ತಿದರೆ ಬೆರಳು ಕೆಳಗೇ ಜೋತುಬಿದ್ದು ಸಿಕ್ಕಿದ್ದಕ್ಕೆಲ್ಲ ಎಡವುತ್ತದೆ. ಪಾದದ ಮೇಲೆ ಮುಟ್ಟಿದರೂ ತಿಳಿಯುವುದಿಲ್ಲ. ನರ ಮತ್ತೆ ಚುರುಕಾಗಬಹುದು, ಆಗದೆಯೂ ಇರಬಹುದು, ಕಾದು ನೋಡಬೇಕು ಎಂದರು. ಕಳಂಬೋಲಿಯ ಆಫೀಸಿಗೆ ಮತ್ತೆ ಹೋಗುವ ದಿನ ಬರುತ್ತದೋ ಇಲ್ಲವೋ ಎಂದು ನಾನು ಅಳುತ್ತಿದ್ದರೆ, ಅತ್ತೆ ಡಾಕ್ಟರ ಇನ್ನೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು: ಓಡಾಡುವ ಕಡೆ ನೆಲದ ಮೇಲೆ ಮ್ಯಾಟು, ವಯರು ಏನೂ ಇರಬಾರದು.

ಡಾಕ್ಟರು ಹೇಳಿದ್ದು ನಮ್ಮ ಮನೆಯ ವಿಷಯ. ಅತ್ತೆ ಅದನ್ನು ಇಡೀ ಬಿಲ್ಡಿಂಗಿಗೆ ಅನ್ವಯಿಸಿದರು! ಲಿಫ್ಟಿನವರೆಗಿನ ಅಷ್ಟೂ ಬಾಗಿಲುಗಳ ಕಾಲೊರಸು ಎತ್ತಿಕೊಂಡು ಹೋಗಿ ಟೆರೇಸಿನಲ್ಲಿ ಒಣಗಹಾಕಿದರು. ಎದುರುಮನೆಯ ಮರಾಠಿ ಹೆಂಗಸು, ಬಿಲ್ಡಿಂಗಿನವರೆಲ್ಲ ಚಿಕ್ಕಮ್ಮ ಎನ್ನುವಂತೆ ಕಾಕು ಎಂದು ಕರೆಯುವವರು, ಬಂದು ವಿಚಾರಿಸಿದಾಗ ತಮ್ಮ ಕಲಬೆರಕೆ ಹಿಂದಿಯಲ್ಲಿ, "ಮೇರಾ ಸೂನ್ ಗಿರೇಗಾ ತೋ ತುಮ್ ಉಠಾಯೇಗಾ ಕ್ಯಾ?" ಎಂದು ಕೇಳಿದರು. ಸೊಸೆ ಬಿದ್ದರೆ ನೀವು ಎತ್ತುತ್ತೀರಾ ಎಂದು! ಪಾಪ, ಕಾಕು ಟೆರೇಸಿಗೆ ಹೋಗಿ ತಮ್ಮದನ್ನು ತಂದುಕೊಂಡರು. ಅಂದಿನಿಂದ ಅವರ ಕಾಲೊರಸು ಬಾಗಿಲಿನ ಒಳಗೇ ಇದೆ.

ನನಗೆ ನಿಜವಾದ ಭಯ ಹುಟ್ಟಿದ್ದು ಸ್ಪ್ಲಿಂಟ್ ಬಂದಾಗ. ಪಾದ ಜೋತುಬೀಳದಂತೆ ಹಿಡಿಯುವ ಪ್ಲಾಸ್ಟಿಕ್ ಆಸರೆ ಅದು. ಬರಿದೇ ಕಟ್ಟಿಕೊಂಡು ನಡೆದರೆ ಜಾರುತ್ತದೆ, ಶೂ ಒಳಗೇ ಹಾಕಬೇಕು, ಮನೆಯಲ್ಲೂ. ಸ್ವಂತ ಮಗನ ಚಪ್ಪಲಿಯನ್ನೇ ಹೊಸ್ತಿಲಿಂದ ಮಾರು ದೂರ ಬಿಡಿಸುವ ಅತ್ತೆಯ ಮನೆಯಲ್ಲಿ ಶೂ! ನಾನು ಮನಸ್ಸಿನಲ್ಲೇ ಬೇರೆ ಬಾಡಿಗೆ ಮನೆ ಹುಡುಕತೊಡಗಿದೆ. ಸಂಜೆ ಅತ್ತೆ ಮಗನನ್ನು ಕರೆದುಕೊಂಡು ಪನ್ವೇಲಿಗೆ ಹೋಗಿ ಅಗಲದ ಹೊಸ ಶೂ ತಂದರು. ಅದಕ್ಕೆ ತುಳಸಿ ನೀರು ಚಿಮುಕಿಸಿ, ಅಡುಗೆಮನೆಯಲ್ಲೇ ನನ್ನ ಮುಂದಿಟ್ಟರು.

"ಇದು ರಸ್ತೆ ಕಂಡದ್ದೇ ಇಲ್ಲ. ಇದು ಮದ್ದು ಮಾರಾಯ್ತಿ. ಮದ್ದಿಗೆ ಎಂತ ಮೈಲಿಗೆ?"

ಸತ್ಯನಾರಾಯಣ ಪೂಜೆಯ ದಿನ ಡೊಂಬಿವಲಿಯಿಂದ ಬಂದ ನೆಂಟರೊಬ್ಬರು ನನ್ನ ಕಾಲು ನೋಡಿ ಹುಬ್ಬೇರಿಸಿದರು. "ದೇವರ ಎದುರು ಶೂ ಹಾಕಿ ಕೂತುಕೊಳ್ಳುದಾ?"

ಅತ್ತೆ ಶಾಂತವಾಗಿಯೇ ಕೇಳಿದರು, "ನೀವು ಹಲ್ಲಿನ ಸೆಟ್ಟು ತೆಗೆದಿಟ್ಟು ಪ್ರಸಾದ ತಿನ್ನುದಾ?"

ನೆಂಟರು ಸರಿದು ಕೂತು ನನಗೆ ಜಾಗ ಮಾಡಿಕೊಟ್ಟರು.

ದಿನವೂ ಸಂಜೆ ಸ್ಪ್ಲಿಂಟ್ ಬಿಚ್ಚಿದ ಮೇಲೆ ಚರ್ಮ ಎಲ್ಲಿಯಾದರೂ ಕೆಂಪಾಗಿದೆಯೇ ಎಂದು ನೋಡಬೇಕು. ಸ್ಪರ್ಶ ತಿಳಿಯದ ಕಾಲಿಗೆ ಹುಣ್ಣಾದರೂ ಗೊತ್ತಾಗದು. ನಾನು ಬಗ್ಗುವಂತಿಲ್ಲ. ಮೊದಲ ದಿನವೇ ಅತ್ತೆ ತಮ್ಮ ಮಂಡಿನೋವನ್ನು ಬೈಯುತ್ತ ಮಣೆಯ ಮೇಲೆ ಕೂತು, ಕನ್ನಡಕ ಏರಿಸಿ, ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡರು. ನಾನು ಗಾಬರಿಯಾದೆ.

"ಬೇಡ ಅತ್ತೆ. ನಾನು ನಿಮ್ಮ ಕಾಲು ಮುಟ್ಟಬೇಕಾದವಳು. ಪಾಪ ಬರ್ತದೆ."

"ಸುಮ್ಮನಿರು. ಮುಟ್ಟಿದ್ದು ನಿಂಗೆ ಗೊತ್ತೇ ಆಗುದಿಲ್ಲ. ಮತ್ತೆ ಪಾಪ ಬರುದು ಹೇಗೆ?"

ಹೀಗೆ ದಿನವೂ ನಡೆಯಿತು. ನನ್ನ ಹೆತ್ತ ತಾಯಿಯೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ, ನಾನರಿಯೆ.

ಮೊನ್ನೆ ಸಂಜೆ ಅತ್ತೆಯ ಹೆಬ್ಬೆರಳು ಪಾದದ ಮೇಲೆ ಹಾದುಹೋಗುವಾಗ ಏನೋ ತರಿತರಿಯಾಗಿ ತಾಕಿತು.

"ಅತ್ತೆ," ಎಂದೆ, "ಮುಟ್ಟಿದ್ದು ಗೊತ್ತಾಗ್ತಾ ಉಂಟು."

ಇನ್ನು ಅವರದೇ ಲೆಕ್ಕದಲ್ಲಿ ಪಾಪ ಬರಬೇಕಲ್ಲ? ಕೈ ತೆಗೆದಾರು ಎಂದುಕೊಂಡೆ. ಅತ್ತೆ ತೆಗೆಯಲಿಲ್ಲ. ಎರಡೂ ಕೈಯಲ್ಲಿ ನನ್ನ ಪಾದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ತಲೆ ಬಗ್ಗಿಸಿ ಕೂತರು. ಪಾದದ ಮೇಲೊಂದು ಹನಿ ಬಿತ್ತು. ಬೆಚ್ಚಗಿತ್ತು. ಅದೂ ನನಗೆ ಗೊತ್ತಾಯಿತು.