ಪೋರ್ಟ್ ತೆಗಿ ಅಂದ್ರೆ

"ತಲೇಲಿ ಏನಿದೆಯಮ್ಮಾ ನಿಂಗೆ? ಪೋರ್ಟ್ ತೆಗಿ ಅಂದ್ರೆ ವೈರ್ ಕಿತ್ತಾಕೋದಾ?" ಷಡಕ್ಷರಿ ಫೋನಿನಲ್ಲಿ ಕಿರುಚಿದ.

"ತೆಗಿ ತೆಗಿ ಅಂತ ಬಡ್ಕೊಂಡೋರು ನೀವೇ ಅಲ್ವಾ ಸಾರ್? ತೆಗ್ದೆ. ಕೈಯಲ್ಲೇ ಇದೆ, ಏನ್ ಮಾಡ್ಲಿ ಹೇಳಿ!" ಗುಬ್ಬಿಯಿಂದ ಭೂಮಿಕಾ ಅಷ್ಟೇ ಜೋರಾಗಿ ಅಂದಳು.

ಗುಬ್ಬಿಯ ಪಶು ಆಹಾರದ ಅಂಗಡಿಯಲ್ಲಿ ಷಡಕ್ಷರಿ ಲೆಕ್ಕದ ಗುಮಾಸ್ತ, ಭೂಮಿಕಾ ಬಿಲ್ ಹಾಕುವವಳು. ಮಾಲೀಕ ಹನುಮಂತರಾಜು ಹುಲಿಯೂರುದುರ್ಗದಲ್ಲಿ ಹೊಸ ಗೋಡೌನು ಮಾಡಿ, ಷಡಕ್ಷರಿಗೆ ಅಲ್ಲಿಗೆ ಹೋಗು ಎಂದಿದ್ದರು. ಅಷ್ಟು ದೂರ ಬೇಡವೆಂದು ಅವನು ಗೋಗರೆದಿದ್ದ: ಬಟವಾಡಿಯ ಬಾಡಿಗೆ ಮನೆಯಲ್ಲೇ ಕೂತು ಅಂಗಡಿಯ ಕಂಪ್ಯೂಟರ್ ಓಡಿಸಿ ಎರಡೂ ಕಡೆಯ ಲೆಕ್ಕ ನೋಡುತ್ತೇನೆ.

"ಇವತ್ತು ಊಟದ ಹೊತ್ತಿಗೆ ತೋರ್ಸು. ಆಗ್ಲಿಲ್ವಾ, ಗಂಟುಮೂಟೆ ಕಟ್ಟಿ ಅಲ್ಲಿಗೆ ಹೊರಡು" ಎಂದಿದ್ದರು ಮಾಲೀಕರು.

ಅಂಗಡಿಯ ರೂಟರ್ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಅದರ ಸೆಟ್ಟಿಂಗಿನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆಯಬೇಕಿತ್ತು. ಭೂಮಿಕಾ ವೈರನ್ನೇ ಕಿತ್ತಿದ್ದಳು. ಬಿಲ್ಲು ನಿಂತು, ಬೂಸಾಕ್ಕೆ ಬಂದವರ ಬೈಗುಳ ಬಟವಾಡಿಗೂ ಕೇಳಿಸಿತು.

"ವಾಪಸ್ ಚುಚ್ಚು!"

"ಯಾವ ತೂತಿಗೆ? ಸುಮಾರವೆ!"

"ಎಲ್ಲಿತ್ತೋ ಅಲ್ಲಿಗೆ!"

"ಎಲ್ಲಿತ್ತು ಅಂತ ನೋಡ್ಕೋ ಅಂದಿದ್ರಾ ನೀವು?"

ಗಲಾಟೆಗೆ ಮಹಡಿಯಿಂದ ಮನೆ ಓನರ್ ಅಂಜನಮೂರ್ತಿ ಇಳಿದು ಬಂದರು. ಲೈನ್‌ಮನ್ ಆಗಿದ್ದು ರಿಟೈರ್ ಆದವರು.

"ಏನಯ್ಯಾ, ರಿಮೋಟ್ ಕೆಲಸ ಮಾಡ್ತಿಲ್ವಾ? ಸೆಲ್ ಬದಲಾಯ್ಸು."

"ಟೀವಿ ರಿಮೋಟ್ ಅಲ್ಲ ಸಾರ್, ದೂರದಿಂದ ಕಂಪ್ಯೂಟರ್..."

"ಹಂಗಾದ್ರೆ ಕರೆಂಟಿನ ಅರ್ತಿಂಗು ಸರಿಯಿಲ್ಲ. ಇರು ಬಂದೆ."

ಅಷ್ಟರಲ್ಲಿ ಭೂಮಿಕಾ ವೈರ್ ಚುಚ್ಚಿ, ಷಡಕ್ಷರಿ ಹೇಳಿದಂತೆ ಸೆಟ್ಟಿಂಗನ್ನೂ ಒತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಗುಬ್ಬಿಯ ಪರದೆ ಇನ್ನೇನು ಮೂಡಬೇಕು, ಅಂಜನಮೂರ್ತಿ ಫ್ಯೂಸ್ ಕಿತ್ತರು. ಮೇಷ್ಟ್ರು ಒಳಗೆ ಬಂದ ಕ್ಲಾಸಿನಂತೆ ಮನೆಯ ರೂಟರ್ ಒಮ್ಮೆಗೇ ಸುಮ್ಮನಾಯಿತು.

"ಅಯ್ಯೋ, ಹಾಕಿ ಸಾರ್! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!"

ಫ್ಯೂಸ್ ಹಾಕಿದರು. ರೂಟರಿನ ದೀಪಗಳು ಮಿಣುಕಿದವು. ಪರದೆ ಮೂಡಿತು. ಗುಬ್ಬಿಯ ಕಂಪ್ಯೂಟರಿನಲ್ಲಿ ಬಾಣದ ಗುರುತು ತಾನಾಗಿ ಓಡಾಡುವುದನ್ನು ಕಂಡು, ಅಂಗಡಿಗೆ ಬಂದಿದ್ದ ಹನುಮಂತರಾಜು ಭೂಮಿಕಾಳ ಕೈಯಿಂದ ಫೋನ್ ಕಿತ್ತುಕೊಂಡರು.

"ಭಲೇ ಷಡಕ್ಷರಿ! ದೆವ್ವ ಹೊಕ್ಕಂಗೆ ಆಡ್ತದಲ್ಲೋ! ಇದು ಎಲ್ಲಿ ಕೂತ್ರೂ ನಡೀತದಾ?"

ಷಡಕ್ಷರಿ ಉಬ್ಬಿಹೋದ. "ಕಾಡಲ್ಲಿ ಕೂತ್ರೂ ನಡೀತದೆ ಸಾರ್!"

"ಇಲ್ಲಿನ ಲೆಕ್ಕ ನಿಲ್ಲಲ್ಲ ತಾನೆ?"

"ಒಂದ್ ಚೂರೂ ನಿಲ್ಲಲ್ಲ!"

"ಬುಡು, ಚಿಂತೆ ಕಳೀತು. ನೀನು ಹೋದ್ರೆ ಗುಬ್ಬಿ ಲೆಕ್ಕ ಯಾರು ನೋಡೋರು ಅಂತ ಒದ್ದಾಡ್ತಿದ್ದೆ. ನಾಳೆಯಿಂದ ಹುಲಿಯೂರುದುರ್ಗದಲ್ಲಿ ಕೂತ್ಕೋ, ಇದನ್ನೂ ಅಲ್ಲಿಂದ್ಲೇ ನೋಡು."

ಷಡಕ್ಷರಿ ಫೋನನ್ನು ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿ, ಗೇಟು ದಾಟಿ ನಡೆದ.

"ಹಲೋ? ನೆಟ್‌ವರ್ಕ್ ಹೋಯ್ತಾ?" ಮಾಲೀಕರು ಕೂಗುತ್ತಲೇ ಇದ್ದರು.

ಅಂಜನಮೂರ್ತಿ ಫೋನ್ ಎತ್ತಿಕೊಂಡರು. "ನೆಟ್‌ವರ್ಕ್ ಗಟ್ಟಿಯಾಗಿದೆ ಸಾರ್, ನಾನೇ ರಿಪೇರಿ ಮಾಡಿದೀನಿ. ಆಸಾಮಿ ಎದ್ದು ಹೋದ. ಇರಿ, ಬರ್ತಾನೆ."

ದೀಪ ಹಚ್ಚುವ ಹೊತ್ತಾದರೂ ಆಸಾಮಿ ಬರಲಿಲ್ಲ.