ಮೇಷ್ಟ್ರ ಓಟಕ್ಕೊಂದು ಒದೆ

ಶ್ರೀರಂಗಪಟ್ಟಣದ ಇಪ್ಪತ್ತೊಂದು ಕಿಲೋಮೀಟರ್ ಓಟವನ್ನು ಈ ಸಲ ಓಡಿಯೇ ತೀರುತ್ತೇನೆ ಎಂದು ಪಾಲಹಳ್ಳಿಯ ರಘುನಂದನ್ ಮೇಷ್ಟ್ರು ಶಾಲೆಯ ಪ್ರಾರ್ಥನೆಯಲ್ಲಿ ಮೈಕು ಹಿಡಿದು ಘೋಷಿಸಿಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಂಡತಿ ಅರ್ಪಿತ ತಟ್ಟಲಿಲ್ಲ. ಮೇಷ್ಟ್ರ ಆರಂಭಶೂರತ್ವ ಅವಳಿಗೆ ಗೊತ್ತಿತ್ತು. ಹೋದ ವರ್ಷ ತಂದ ಯೋಗದ ಚಾಪೆಯ ಮೇಲೆ ಈಗ ಹುಣಸೆಹಣ್ಣು ಒಣಗುತ್ತಿತ್ತು. ಅದಕ್ಕೂ ಹಿಂದಿನ ವರ್ಷದ ಡಂಬೆಲ್ಲು, ಆ ಚಾಪೆ ಗಾಳಿಗೆ ಹಾರದಂತೆ ಕಾಯುತ್ತಿತ್ತು.

"ಒಂದನ್ನಾದ್ರೂ ಮುಗ್ಸಿ ತೋರ್ಸಿ, ಅಷ್ಟೇ ಸಾಕು ನಂಗೆ" ಎಂದಳು.

"ಪದಕ ತಂದು ನಿನ್ ಕೊರಳ್ಗೇ ಹಾಕ್ತೀನಿ ಕಣೇ, ನೋಡ್ತಿರು."

ನಾಲೆ ಏರಿಯ ಮೇಲೆ ಮೇಷ್ಟ್ರು ದಿನಾ ಓಡಿದರು. ಹಾಗೆ ನೋಡಿದರೆ ಚೆನ್ನಾಗಿಯೇ ಓಡಿದರು. ಪೆಟ್ಟಾದದ್ದು ಓಡುವಾಗಲ್ಲ, ಓಡಿ ಬಂದು ಅಂಗಳದಲ್ಲಿ ಬಗ್ಗಿ ಶೂ ಬಿಚ್ಚುವಾಗ. ಸೊಂಟದಲ್ಲಿ ಚಳಕ್ ಎಂದಿತು. ಬಗ್ಗಿದವರಿಗೆ ಏಳಲಾಗಲಿಲ್ಲ. ಪೊರಕೆ ಹಿಡಿದು ಬಂದ ತಾಯಿ ದೊಡ್ಡತಾಯಮ್ಮ, ಮಗ ತನ್ನ ಕಾಲಿಗೆ ಬೀಳುತ್ತಿದ್ದಾನೆಂದುಕೊಂಡು "ನೂರ್ಕಾಲ ಬಾಳಪ್ಪ" ಎಂದು ಹರಸಿದರು.

ಡಾಕ್ಟರು ನೋಡಿ, ಸ್ನಾಯು ಹಿಡಿದಿದೆ, ಈ ವ್ಯಾಯಾಮಗಳನ್ನು ತಪ್ಪದೆ ಮಾಡಿದರೆ ಒಂದೂವರೆ ತಿಂಗಳಲ್ಲಿ ಓಡಬಹುದು ಎಂದರು. ಓಟಕ್ಕೆ ಉಳಿದಿದ್ದೂ ಅಷ್ಟೇ. ಮೇಷ್ಟ್ರು ಎರಡು ದಿನ ಮಾಡಿ ಮೂರನೆಯ ದಿನ ಗೋಡೆಗೆ ಒರಗಿದರು.

"ಸೊಂಟ ಇಡ್ಕಂಡ್ರೆ ಯಾವ ಎಕ್ಸರ್ಸೈಜ್ಲಾ?" ಎಂದರು ದೊಡ್ಡತಾಯಮ್ಮ. "ಕಾಲು ಮುಂದಾಗಿ ಉಟ್ಟಿದೋರ ತಾವ ಒಂದ್ ಒದೆ ತಿನ್ನು. ಬುಟ್ಟೋಯ್ತದೆ."

"ಅವ್ವ, ನಾನು ವಿಜ್ಞಾನದ ಮೇಷ್ಟ್ರು."

"ಅದು ಸೊಂಟುಕ್ ಗೊತ್ತಾ?"

ತಾಯಿ ಊರೆಲ್ಲ ವಿಚಾರಿಸಿದರು. ಪಾಲಹಳ್ಳಿಯಲ್ಲಿ ಎಲ್ಲರೂ ತಲೆ ಮುಂದಾಗಿಯೇ ಹುಟ್ಟಿದ್ದರು. ಕೊನೆಗೆ ಅಕ್ಕಿಹೆಬ್ಬಾಳಿನ ಬೀಗಿತ್ತಿಗೆ ಫೋನು ಹೋಯಿತು. "ಅಯ್ಯೋ, ಮನೇಲೇ ಮದ್ ಮಡಿಕ್ಕಂಡು ಊರೆಲ್ಲ ಉಡುಕ್ತೀರಲ್ಲ? ನಮ್ ಅರ್ಪಿತನೇ ಕಾಲು ಮುಂದಾಗಿ ಉಟ್ಟಿರೋದು!"

ಮೇಷ್ಟ್ರು ಹೆಂಡತಿಯತ್ತ ತಿರುಗಿದರು, ಸೊಂಟ ಬಿಟ್ಟಷ್ಟು. "ಎಂಟು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ನಮ್ಮೂರಲ್ಲಿ ಬೆಳಗಾದ್ರೆ ಸೊಂಟ ಇಡ್ಕಂಡೋರು ಬಾಗ್ಲಲ್ಲಿ ಸಾಲಾಗಿ ನಿಂತಿರೋರು. ಹಲ್ಲುಜ್ಜಕೂ ಬುಡ್ತಿರ್ಲಿಲ್ಲ. ಇಲ್ಲಾದ್ರೂ ತಣ್ಣಗಿರಾನ ಅಂತ."

ಗಂಡನನ್ನು ಒದೆಯುವುದು ಹೇಗೆ ಎಂಬ ಧರ್ಮಸಂಕಟವನ್ನೂ ಅತ್ತೆಯೇ ಬಗೆಹರಿಸಿದರು. "ಮೊದ್ಲು ಅವನ ಕಾಲಿಗೆ ನಮಸ್ಕಾರ ಮಾಡ್ಬುಡವ್ವ. ಆಮೇಲೆ ಒದಿ."

ಮರುದಿನ ಬೆಳಿಗ್ಗೆ ಮೇಷ್ಟ್ರು ಜಗಲಿಯ ಮೇಲೆ ಬೋರಲು ಮಲಗಿದರು. ಅರ್ಪಿತ ಭಕ್ತಿಯಿಂದ ನಮಸ್ಕರಿಸಿ, ಎಡಗಾಲಲ್ಲಿ ಒಂದು ಕೊಟ್ಟಳು. ಅದರಲ್ಲಿ ಎಂಟು ವರ್ಷದ ಸಂಸಾರವೂ ಸ್ವಲ್ಪ ಸೇರಿಕೊಂಡಿತ್ತು. ಅದು ಊರವರು ಡೇರಿಗೆ ಹಾಲು ಹಾಕಲು ಹೋಗುವ ಹೊತ್ತು ಎಂಬುದನ್ನು ಮಾತ್ರ ಮೂವರೂ ಮರೆತಿದ್ದರು. ಹಾಲಿನ ಕ್ಯಾನು ಹಿಡಿದ ಪಕ್ಕದ ಮನೆಯ ಹೊನ್ನಪ್ಪ ನಿಂತುಬಿಟ್ಟ.

"ಏನ್ ತೆಪ್ ಮಾಡುದ್ರವ್ವಾ ಮೇಷ್ಟ್ರು?"

ವಿಷಯ ತಿಳಿದದ್ದೇ ತಡ, ಮಾರನೆಯ ದಿನ ಜಗಲಿ ಮುಂದೆ ಹೊನ್ನಪ್ಪನೂ ಸೇರಿ ಹತ್ತಾರು ಸೊಂಟಗಳು ನಿಂತಿದ್ದವು. ಮೇಷ್ಟ್ರ ಸೊಂಟವೋ, ಒದೆ ತಿಂದೂ ಹಿಡಿದ ಹಾಗೇ ಇತ್ತು. ಅರ್ಪಿತ ಸೆರಗು ಸಿಕ್ಕಿಸಿ ನಿಂತಳು.

"ಒದೀತೀನಿ. ಆದ್ರೆ ಅದುಕ್ ಮುಂಚೆ ಒಂದ್ ತಿಂಗ್ಳು ಡಾಕ್ಟ್ರು ಹೇಳಿರೋ ವ್ಯಾಯಾಮ ಮಾಡ್ಬೇಕು. ನಮ್ ಯಜಮಾನ್ರು ಮಾಡಿ ತೋರುಸ್ತಾರೆ."

ಹುಣಸೆಹಣ್ಣು ಮೊರಕ್ಕೆ ಹೋಯಿತು, ಚಾಪೆ ಜಗಲಿಗೆ ಬಂತು. ಬೆಳಗಾದರೆ ಊರವರು ಬಾಗಿಲು ಬಡಿಯುತ್ತಿದ್ದರು, ಮೇಷ್ಟ್ರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಒದೆಯೇ ಬೀಳದೆ ಬಹುಪಾಲು ಸೊಂಟಗಳು ನೆಟ್ಟಗಾದವು. ಕೀರ್ತಿ ಮಾತ್ರ ಅರ್ಪಿತಳ ಕಾಲಿಗೆ ಹೋಯಿತು. "ಆ ತಾಯಿ ಪಾದ ನೋಡುದ್ರೆ ಸಾಕು" ಎಂದ ಹೊನ್ನಪ್ಪ. ಮೇಷ್ಟ್ರು ವಿಜ್ಞಾನ ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೆ ಅವರೂ ಮತ್ತೆ ಏರಿಯ ಮೇಲೆ ಮೆಲ್ಲಗೆ ಓಡತೊಡಗಿದ್ದರು.

ಓಟದ ದಿನ ಕೊನೆಯ ಕಿಲೋಮೀಟರಿನಲ್ಲಿ ಸೊಂಟ ಬಿಗಿಯಿತು. ಮೇಷ್ಟ್ರು ನಿಂತರು. ಎದುರಿಗೆ ಒಂದು ಖಾಲಿ ಆಟೋ ಕಂಡಿತು. ಇದೂ ಚಾಪೆ, ಡಂಬೆಲ್ಲುಗಳ ಸಾಲಿಗೇ ಸೇರಿತಲ್ಲ ಎಂದು ಕಣ್ಣು ತುಂಬಿತು. ಆಟೋ ಪಕ್ಕದಲ್ಲಿ ಊರವರ ಜೊತೆ ಅರ್ಪಿತ ನಿಂತಿದ್ದಳು. ಅವಳು ಎಡಗಾಲಿನ ಚಪ್ಪಲಿ ಬಿಟ್ಟಳು, ಅಷ್ಟೇ.

ಮೇಷ್ಟ್ರು ಓಡಿದರು. ಕೊನೆಯಿಂದ ನಾಲ್ಕನೆಯವರಾಗಿ ಗುರಿ ಮುಟ್ಟಿದರು. ಪದಕವನ್ನು ತಂದು ಹೆಂಡತಿಯ ಕೊರಳಿಗೇ ಹಾಕಿದರು.

"ಒಂದನ್ನ ಮುಗುಸುದ್ರಿ ಕಣ್ರೀ" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಬ್ಬರಿಗೂ ಬಹಳ ಸಂತೋಷವಾಗಿತ್ತು.

ಹೊನ್ನಪ್ಪ ಮಾತ್ರ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದ. "ಒಂದ್ ಒದೆಗೆ ಇಪ್ಪತ್ತೊಂದ್ ಕಿಲೋಮೀಟ್ರು. ಇನ್ನೊಂದ್ ತಿಂದಿದ್ರೆ ನಲವತ್ತೆರಡೂ ಓಡ್ಬುಡೋರು ಮೇಷ್ಟ್ರು."

ವಿಜ್ಞಾನದ ಮೇಷ್ಟ್ರು ಮರುದಿನ ಬೆಳಿಗ್ಗೆ, ಡೇರಿಗೆ ಹೋಗುವವರು ಏಳುವ ಮುಂಚೆಯೇ, ಜಗಲಿಯ ಮೇಲೆ ತಾವೇ ಚಾಪೆ ಹಾಸಿ ಬೋರಲು ಮಲಗಿ ಹೆಂಡತಿಯನ್ನು ಕೂಗಿದರು.