ಹುಡ್ಡು ಹೊಲಿಯುವವನಿಗೆ ಹೆಣ್ಣು

ಮಡಚುವ ಹುಡ್ಡಿನ ಸಹವಾಸ ಮಾಡಿದವನು ಮರ್ಯಾದೆ ಕಳೆದುಕೊಳ್ಳಲು ಎಲ್ಲಿಗೂ ಹೋಗಬೇಕಿಲ್ಲ, ವಾರಕ್ಕೊಂದು ಪ್ರಸಂಗ ತಾನಾಗಿ ಅಂಗಡಿಗೆ ಬರುತ್ತೆ. ಚಿತ್ರದುರ್ಗದಲ್ಲಿ ನಾನು ಜೀಪು, ಹಳೇ ಕಾರುಗಳಿಗೆ ಬಟ್ಟೆ ಹುಡ್ಡು ಹೊಲಿಯುತ್ತಿದ್ದೆ. ಬೇಕಾದಾಗ ಎಳೆದು ಮುಚ್ಚೋದು, ಬೇಡವಾದಾಗ ಹಿಂದಕ್ಕೆ ಮಡಚೋದು, ಆ ಥರದ್ದು.

ತೊಂಬತ್ತರ ದಶಕದ ಕೊನೆಯಲ್ಲಿ ಭರಮಸಾಗರಕ್ಕೆ ಹೋಗಿ ಹೆಣ್ಣು ನೋಡಿ ಬಂದೆ. ಹುಡುಗಿ ಎಷ್ಟು ಹಿಡಿಸಿದಳೆಂದರೆ ಮೂರು ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಆದರೆ ಅವಳಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಪರೀಕ್ಷೆ ಮಾಡದೆ ಯಾರನ್ನೂ ಪಾಸು ಮಾಡುವವರಲ್ಲ. ಕೆಲಸ ಹೆಂಗೈತೆ ಅಂತ ನಿನ್ನ ಗಿರಾಕಿಗಳನ್ನೇ ಕೇಳ್ತೀನಪ್ಪ ಅಂದರು.

೧. ರುಮಾಲು

ಮೇಷ್ಟ್ರು ಮೊದಲು ಹೋಗಿದ್ದು ಹೊಸದುರ್ಗದ ಯಜಮಾನರೊಬ್ಬರ ಹತ್ತಿರ. ಅವರಪ್ಪನ ಕಾಲದ ತೆರೆದ ಕಾರಿಗೆ ನಾನು ಹುಡ್ಡು ಹೊಲಿದಿದ್ದೆ. ಯಜಮಾನರನ್ನೇ ಸೀಟಿನಲ್ಲಿ ಕೂರಿಸಿ ಎತ್ತರ ಅಳೆದಿದ್ದೆ. ಆವತ್ತು ಅವರು ಕ್ಷೌರ ಮಾಡಿಸಿಕೊಂಡು ಬರಿದಲೆಯಲ್ಲಿ ಬಂದಿದ್ದರು. ಮಿಕ್ಕ ದಿನ ಹನ್ನೆರಡು ಮೊಳದ ರುಮಾಲು ಸುತ್ತದೆ ಹೊಸ್ತಿಲು ದಾಟುವವರಲ್ಲ ಅನ್ನೋದು ನನಗೇನು ಗೊತ್ತು?

ನೆಂಟರ ನಿಶ್ಚಿತಾರ್ಥಕ್ಕೆ ರುಮಾಲು ಸುತ್ತಿಕೊಂಡು ಹೊಸ ಹುಡ್ಡಿನ ಕೆಳಗೆ ಕೂತು ಹೊರಟರಂತೆ. ಒಂದೊಂದು ಗುಂಡಿಗೂ ಹುಡ್ಡಿನ ಕಂಬಿ ರುಮಾಲನ್ನು ಒಂದೊಂದು ಬೆರಳು ಕೆಳಗೆ ತಳ್ಳಿದೆ. ಹೊಳಲ್ಕೆರೆ ಬರುವಷ್ಟರಲ್ಲಿ ರುಮಾಲು ಮೂಗಿನ ಮೇಲಿತ್ತು. ಮೇಷ್ಟ್ರು ಕೇಳಿದ್ದಕ್ಕೆ ಯಜಮಾನರು ನಿಧಾನವಾಗಿ ಹೇಳಿದರಂತೆ: "ಹೊಲಿಗೆ ಗಟ್ಟಿ ಐತೆ ಮೇಷ್ಟ್ರೇ. ಒಂದು ತೊಟ್ಟು ನೀರು ಕೆಳಗಿಳಿಯಲ್ಲ. ರಸ್ತೆನೂ ಕಾಣಲ್ಲ."

೨. ಕಿಟಕಿ

ಆಮೇಲೆ ಹಿರಿಯೂರಿನ ಜೀಪಿನವರು. ಬಕಲ್ಲು ಸಿಗಲಿಲ್ಲ ಅಂತ ನಾನು ಅವರ ಹುಡ್ಡಿಗೆ ಪೈಜಾಮದ ಲಾಡಿ ಕಟ್ಟಿ ಕೊಟ್ಟಿದ್ದೆ. ಐಮಂಗಲದ ಹತ್ತಿರ ಹೈವೇ ಗಾಳಿಗೆ ಲಾಡಿ ಬಿಚ್ಚಿ ಹುಡ್ಡು ಹಾರಿಹೋಯಿತು. ಎರಡು ದಿನ ಹುಡುಕಿದರೆ ಹೊಲವೊಂದರಲ್ಲಿ ಈರುಳ್ಳಿ ರಾಶಿ ಮೇಲೆ ಅಚ್ಚುಕಟ್ಟಾಗಿ ಹೊದ್ದುಕೊಂಡು ಕೂತಿತ್ತು. ರೈತ ವಾಪಸ್ಸು ಕೊಡಲು ಸುತರಾಂ ಒಪ್ಪಲಿಲ್ಲ. ಮೇಷ್ಟ್ರು ಅವನನ್ನೂ ಬಿಡದೆ ಹೋಗಿ ಕೇಳಿದ್ದಾರೆ. ಹುಡ್ಡಿನ ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ತೋರಿಸಿ ಅವನು ಹೇಳಿದ್ದಿಷ್ಟು: "ಹೊಲಿದೋನು ಪುಣ್ಯಾತ್ಮ ಕಣ್ರಿ. ಮುಚ್ಚಿದ್ದು ತೆಗೀದೇನೆ ಕೊಳೆತೈತಾ ನೋಡ್ಲಿ ಅಂತ ಕಿಟಕಿ ಬೇರೆ ಇಟ್ಟವ್ನೆ."

೩. ಕೋಳಿ

ಬಬ್ಬೂರಿನ ಇನ್ನೊಂದು ಜೀಪಿಗೆ ನಾನು ಹೊಲಿದ ಹುಡ್ಡು ಚೆನ್ನಾಗಿಯೇ ಇತ್ತು. ಹುಡ್ಡು ಬಿಚ್ಚಿ ತೋರಿಸ್ರಿ ಅಂತ ಮೇಷ್ಟ್ರು ಕೇಳಿದರೆ ಜೀಪಿನವರ ತಾಯಿ, ಎಂಬತ್ತರ ಅಜ್ಜಿ, ಅಡ್ಡ ನಿಂತಳಂತೆ. ಮಡಚಿಟ್ಟ ಹುಡ್ಡಿನ ಸಂದಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಬಿಸಿಲಾಗಲಿ, ಧೂಳಾಗಲಿ, ಮರಿ ಆಗೋತನಕ ಹುಡ್ಡು ಮುಟ್ಟೋ ಹಂಗಿಲ್ಲ ಅನ್ನೋದು ಅಜ್ಜಿಯ ಆರ್ಡರು. ಮಗ ಛತ್ರಿ ಹಿಡಿದು ಜೀಪು ಓಡಿಸುತ್ತಿದ್ದನಂತೆ. ಅಜ್ಜಿ ಮೇಷ್ಟ್ರಿಗೂ ದಿನ ಕೊಟ್ಟಳು: "ಇನ್ನೂ ಹನ್ನೊಂದು ದಿನ ಐತಪ್ಪ. ಆಮ್ಯಾಕೆ ಬಾ."

೪. ಕೈ

ಇಷ್ಟೆಲ್ಲ ಕೇಳಿಯೂ ಮೇಷ್ಟ್ರು ಹೆಂಡತಿ ಸಮೇತ ನಮ್ಮ ಮನೆ ನೋಡಲು ಬಂದರು. ಮಂಡಕ್ಕಿ, ಮೆಣಸಿನಕಾಯಿ ತಿಂದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಭರಮಸಾಗರಕ್ಕೆ ಬಸ್ಸು ಬೇಕಾದಷ್ಟಿದ್ದವು, ಆದರೂ ಜಂಬ ಕೇಳಬೇಕಲ್ಲ. ಪಕ್ಕದ ಅಂಗಡಿ ಮೆಕ್ಯಾನಿಕ್‌ನ ಜೀಪಿಗೆ ಆವತ್ತು ಬೆಳಿಗ್ಗೆಯಷ್ಟೇ ಹುಡ್ಡು ಹೊಲಿದು ಮುಗಿಸಿದ್ದೆ. ಅದರಲ್ಲೇ ಬಿಟ್ಟು ಬರ್ತೀವಿ, ಕುಂತ್ಕಳ್ರಿ ಅಂದೆ. ಮೆಕ್ಯಾನಿಕ್ಕೇ ಓಡಿಸಿದ.

ಊರು ದಾಟಿದ್ದೇ ತಡ, ನಮ್ಮ ಕಡೆ ಕೂಗಿ ಕರೆದರೂ ಬಾರದ ಮಳೆ ಧೋ ಅಂತ ಸುರಿಯಿತು. ಮಡಚಿದ್ದ ಹುಡ್ಡು ಎಳೆದೆ. ನನ್ನ ಹೊಲಿಗೆ ಗಟ್ಟಿಯಾಗೇ ಇತ್ತು, ಬಟ್ಟೆ ಹೊರುವ ಕಬ್ಬಿಣದ ಕಮಾನಿನ ಕೀಲು ಪಟಕ್ಕಂತ ಮುರಿಯಿತು. ಹುಡ್ಡು ಮೇಷ್ಟ್ರ ತಲೆ ಮೇಲೆ ಕುಸಿಯುವಷ್ಟರಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ಕಮಾನು ಎತ್ತಿ ಹಿಡಿದೆ. ಕೈ ಇಳಿಸಿದರೆ ಈ ಸಂಬಂಧ ಅಲ್ಲಿಗೆ ಮುಗಿದಂತೆ.

ಇದೇ ಸಮಯ ಅಂತ ಮೇಷ್ಟ್ರು ಪ್ರಶ್ನೆ ಶುರು ಮಾಡಿದರು. ಬೀಡಿ ಸೇದ್ತೀಯಾ, ಇಸ್ಪೀಟು ಆಡ್ತೀಯಾ, ಸಿಟ್ಟು ಬರುತ್ತಾ? ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ. ಮೂರಕ್ಕೂ ಇಲ್ಲ ರೀ ಅಂದೆ. ಮೂರನೆಯದು ಸುಳ್ಳು, ಆಗಲೇ ಬರುತ್ತಿತ್ತು.

ಭರಮಸಾಗರ ಮುಟ್ಟಿದಾಗ ಮಳೆ ನಿಂತಿತ್ತು. ಅವರಿಬ್ಬರೂ ಇಳಿದರು. ಮೆಕ್ಯಾನಿಕ್ ಹುಡ್ಡನ್ನು ನನ್ನ ಕೈಯಿಂದ ಬಿಡಿಸಿ ಹಿಂದಕ್ಕೆ ಮಡಚಿದ. ನನ್ನ ತೋಳುಗಳು ಮಾತ್ರ ಮರಗಟ್ಟಿ ಇಳಿಯಲೊಲ್ಲವು. ತಲೆ ಮೇಲೆ ಏನೂ ಇಲ್ಲದಿದ್ದರೂ ಎರಡೂ ಕೈ ಎತ್ತಿಕೊಂಡು ಜೀಪಿನಲ್ಲಿ ಮಂಡಿಯೂರಿಯೇ ಇದ್ದೆ. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ನಾಚಿಕೆಯಿಂದ ಸತ್ತೇ ಹೋದೆ. ಅಷ್ಟರಲ್ಲಿ ಹುಡುಗಿಯೂ ಬಾಗಿಲಿಗೆ ಬಂದಳು.

"ದುರ್ಗದಿಂದ ಹಿಂಗೇ ಹಿಡ್ಕಂಡು ಬಂದವ್ನೆ," ಅಂದರು ಮೇಷ್ಟ್ರು ಮಗಳಿಗೆ. "ನೀನೇನಂತೀಯವ್ವ?"

ಅವಳು ನನ್ನನ್ನೊಮ್ಮೆ, ನನ್ನ ಕೈಗಳನ್ನೊಮ್ಮೆ ನೋಡಿದಳು.

"ನಂಗೆ ಒಪ್ಪಿಗೆ ಐತೆ ಅಂತ ಹೇಳಪ್ಪ. ಇನ್ನಾದ್ರೂ ಕೈ ಇಳಿಸ್ಲಿ."